ಬಿಸಿಲೂರಿಗೆ ಬಂದ ಉಲ್ಲನ್

ಜೂನ್ 4

ತಂಗಿಗೆ,

ನಿನ್ನ ಕಾಗದ ಬಂತು. ನಾಲ್ಕು ಪುಟ, ನಾಲ್ಕರಲ್ಲೂ ನಿನ್ನ ಬೆವರೇ. ಬಿಸಿಲಿನ ದೇಶಕ್ಕೆ ಹೋದರೆ ಬೆವರು ಬರುತ್ತದೆ ಎನ್ನುವುದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ಅದನ್ನು ತಿಳಿಸಲು ಅಷ್ಟು ದುಬಾರಿ ಅಂಚೆಚೀಟಿ ಬೇಕಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು ಎಂದು ಕುಣಿದುಕೊಂಡು ಹೋದವಳು ನೀನು. ಯಾರೂ ಕುತ್ತಿಗೆ ಹಿಡಿದು ದಬ್ಬಲಿಲ್ಲ.

ನಾನು ಹುಡುಕಿದ್ದು ಒಂದೇ ಮಾತು, ಅದು ಎಲ್ಲೂ ಇರಲಿಲ್ಲ. ಅಮ್ಮ ಯಾವಾಗ ಬರುತ್ತಾಳೆ? "ಹೊಸ ಜಾಗ, ಒಬ್ಬಳೇ ಇರೋಕೆ ಭಯ, ಸ್ವಲ್ಪ ದಿನ ಅಮ್ಮನ್ನ ಜೊತೆಗೆ ಕಳಿಸು" ಎಂದು ನೀನು ಬಾಗಿಲಲ್ಲಿ ನಿಂತು ಗೋಳಾಡಿದೆ, ನಾನು ಕಳಿಸಿದೆ. ಚಳಿಗಾಲ ಶುರುವಾಗುವ ಮುಂಚೆ ವಾಪಸ್ ಎಂದು ಮಾತಾಗಿತ್ತು. ಈಗ ನಿನ್ನ ಕಾಗದದಲ್ಲಿ "ಅಮ್ಮ ಹೊಂದಿಕೊಳ್ಳುತ್ತಿದ್ದಾಳೆ" ಎಂದಿದೆ. ಯಾಕೆ ಹೊಂದಿಕೊಳ್ಳಬೇಕು? ನೆಂಟರ ಮನೆಗೆ ಹೋದವರು ಚಪ್ಪಲಿ ಬಿಟ್ಟ ಜಾಗ ನೆನಪಿಟ್ಟುಕೊಂಡರೆ ಸಾಕು.

ನಮ್ಮ ಅಂಗಡಿಯ ಆರ್ಡರು, ಶಾಲೆಯ ಸ್ವೆಟರುಗಳನ್ನು ಪಾರ್ಸೆಲ್ ಮಾಡಿದ್ದೇನೆ. ಮೈ, ತೋಳು ನಾನು ಹೆಣೆದಿದ್ದೇನೆ. ಕೊರಳಪಟ್ಟಿ ಎಂದಿನಂತೆ ಅಮ್ಮನದು. ನೀಲಿ ಉಲ್ಲನ್ ಉಂಡೆಗಳೂ, ಅವಳ ಸಣ್ಣ ಕಡ್ಡಿಗಳೂ ಒಳಗಿವೆ. ನೀನು ಮುಟ್ಟಬೇಡ. ಗುಂಡಿ ಹಚ್ಚಲು ಹೋಗಿ ಬೆರಳು ಹೊಲಿದುಕೊಂಡವಳು ನೀನು.

ಇಲ್ಲಿ ಬಡಗಿ ಬಂದು ಕೂತಿದ್ದಾನೆ. ಬೆಳಗಾದರೆ ಗರಗಸದ ಸದ್ದು, ಊಟದ ತಟ್ಟೆಯಲ್ಲೂ ಮರದ ಹೊಟ್ಟು. ತಲೆ ಚಿಟ್ಟು ಹಿಡಿದಿದೆ.

ಇನ್ನೊಂದು. ಕಾಗದದ ಕೊನೆಗೆ ಅಮ್ಮನ ಕೈಯಿಂದ ಎರಡು ಸಾಲು ಬರೆಸಬೇಕು ಎಂದು ಹೇಳಿದ್ದೆ. ಎಲ್ಲಿ?

ಅಕ್ಕ


ಜೂನ್ 21

ಅಕ್ಕಾ,

ನಿನ್ನ ಸಿಟ್ಟು ತಲುಪಿತು. ಲಕೋಟೆಯ ಗೋಂದು ಇಲ್ಲಿನ ಹವೆಗೆ ಕರಗಿ ಬಾಯಿ ಬಿಟ್ಟುಕೊಂಡು ಬಂದಿತ್ತು. ಅಂಚೆಯವನಿಗೆ ಕನ್ನಡ ಬಾರದಿರುವುದು ನಿನ್ನ ಪುಣ್ಯ.

ಬೆವರಿನ ಬಗ್ಗೆ ಬರೆಯಬಾರದು, ಸರಿ. ಉಪ್ಪಿನ ಬಗ್ಗೆ ಬರೆಯಬಹುದಲ್ಲ? ಇಲ್ಲಿ ಉಪ್ಪು ಡಬ್ಬಿಯಲ್ಲೇ ನೀರಾಗುತ್ತದೆ. ಬೆಂಕಿಕಡ್ಡಿ ಗೀರಿದರೆ ತಲೆ ಮೆತ್ತಗೆ ಉದುರಿ ಬೀಳುತ್ತದೆ. ಬೀರುವಿನಲ್ಲಿಟ್ಟ ನನ್ನ ಬೂಟಿನ ಮೇಲೆ ಹಸಿರು ಬೂಷ್ಟು, ಒಗೆದ ಸೀರೆ ಒಣಗುವಷ್ಟರಲ್ಲಿ ಮತ್ತೆ ಒಗೆಯುವ ಹಾಗೆ ನಾರುತ್ತದೆ. ಅಂಗಡಿಯಲ್ಲಿ ಕನ್ನಡಕದ ಗಾಜುಗಳಿಗೆ ತೇವ ತಾಗದಂತೆ ಅವನ್ನು ಬಲ್ಬು ಉರಿಯುವ ಪೆಟ್ಟಿಗೆಯೊಳಗೆ ಇಡುತ್ತಾರೆ, ಕೋಳಿಮರಿ ಸಾಕಿದ ಹಾಗೆ. ಬಂದ ಹೊಸದರಲ್ಲಿ ನಾನು ಅದರ ಬಾಗಿಲು ತೆರೆದಿಟ್ಟು ಮನೆಗೆ ಹೋಗಿದ್ದೆ. ಮರುದಿನ ನೋಡಿದರೆ ಗಾಜಿನ ಮೇಲೆಲ್ಲ ಜೇಡರ ಬಲೆಯಂಥ ಬೂಷ್ಟಿನ ಎಳೆ. ಅಂಗಡಿಯ ಯಜಮಾನರು ಬೈಯಲಿಲ್ಲ. ಒರೆಸಲು ಬಟ್ಟೆ ಕೊಟ್ಟು ಹೊರಗೆ ಹೋದರು, ಅದೇ ಹೆಚ್ಚು ನೋವಾಯಿತು.

ಇಂಥ ಜಾಗಕ್ಕೆ ನೀನು ಉಲ್ಲನ್ ಕಳಿಸುತ್ತೀಯ. ಗಂಟು ಬಿಚ್ಚಿದಾಗ ಒದ್ದೆ ಕುರಿಯೊಂದು ಮನೆಯೊಳಗೆ ಬಂದು ನಿಂತ ಹಾಗಾಯಿತು. ಅಮ್ಮ ಅದನ್ನು ನೋಡಿದಳು, ಫ್ಯಾನನ್ನು ನೋಡಿದಳು.

ಆದರೂ ಕೊರಳಪಟ್ಟಿಗಳನ್ನು ಮುಗಿಸಿದ್ದಾಳೆ. ಇದರ ಜೊತೆಗೇ ಕಳಿಸಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ, ಬರೆಯಲು ಬೇಸರವಂತೆ. ಬಡಗಿ ಯಾಕೆ ಬಂದಿದ್ದಾನೆ? ಅಂಗಡಿ ದೊಡ್ಡದು ಮಾಡುತ್ತಿದ್ದೀಯಾ?

ತಂಗಿ


ಜುಲೈ 12

ತಂಗಿಗೆ,

ಸ್ವೆಟರುಗಳು ಬಂದವು. ಅಂಚೆ ಕಚೇರಿಯಲ್ಲಿ ನನ್ನ ಹಿಂದೆ ನಿಂತ ಹೆಂಗಸು ಮೂಗು ಮುಚ್ಚಿಕೊಂಡಳು. ಬಾವಿಗೆ ಬಿದ್ದ ಕಂಬಳಿ ಮೇಲೆತ್ತಿದ ಹಾಗೆ ವಾಸನೆ. ಎಲ್ಲವನ್ನೂ ಹಿತ್ತಲಲ್ಲಿ ಹರವಿ ಬಿಸಿಲಿಗೆ ಕಾದೆ. ನಿಮ್ಮಲ್ಲಿ ಬೇಡವೆಂದರೂ ಸುರಿಯುವ ಬಿಸಿಲು ನಮ್ಮಲ್ಲಿ ಕಾಯಿಸಿ ಕಾಯಿಸಿ ಬರುತ್ತದೆ. ಮುಂದಿನ ಕಂತು ಕಳಿಸಿದ್ದೇನೆ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತುವಷ್ಟಾದರೂ ಬುದ್ಧಿ ಉಪಯೋಗಿಸು.

ಅಮ್ಮನಿಗೆ ಬರೆಯಲು ಬೇಸರವಂತೆ. ಯಾರ ಅಮ್ಮ? ನೀನು ಶಾಲೆಯ ಪ್ರವಾಸಕ್ಕೆ ಹೋದಾಗ ಊರು ಬಿಟ್ಟು ಊರು ತಲುಪುವ ಮುಂಚೆ ಕಾರ್ಡು ಬರೆದು ಹಾಕಿದವಳು ಅವಳು.

ನಿನ್ನ ಮನೆಗೆ ಫೋನ್ ಮಾಡಿದೆ. "ಅಮ್ಮನ್ನ ಕರಿ" ಎಂದೆ. "ಸ್ನಾನಕ್ಕೆ ಹೋಗಿದಾಳೆ" ಎಂದೆ ನೀನು. ಮತ್ತೊಂದು ದಿನ ಮಾಡಿದೆ, ಸ್ನಾನ. ಕಳೆದ ಭಾನುವಾರ ಪಕ್ಕದ ಮನೆಯವರ ಎದುರು ಮಾಡಿದೆ, ಮತ್ತೆ ಸ್ನಾನ. "ನಿಮ್ಮ ತಾಯಿಯವರು ಮೀನಾಗಿಬಿಟ್ಟರಾ?" ಎಂದು ಅವರು ಕೇಳಿದರು. ನನಗೆ ನಗು ಬರಲಿಲ್ಲ.

ಬಡಗಿ ಯಾಕೆ ಎಂದು ಕೇಳಿದ್ದೀಯ. ಮನೆ ಬಿಟ್ಟು ಹೋದವರಿಗೆ ಮನೆಯ ಬಾಗಿಲು ಕಿಟಕಿಗಳ ಚಿಂತೆ ಬೇಡ.

ಅಕ್ಕ


ಆಗಸ್ಟ್ 2

ಅಕ್ಕಾ,

ಹೌದು, ಇಲ್ಲಿ ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಾರೆ. ನಾನೂ ಮಾಡುತ್ತೇನೆ. ಮಾಡದಿದ್ದರೆ ಮೈಯೆಲ್ಲ ಬೆವರುಗುಳ್ಳೆ ಎದ್ದು ಕೆರೆದು ಕೆರೆದು ಸಾಯಬೇಕು. ನಿನಗೆ ಬಚ್ಚಲಿಗೆ ಹೋಗುವುದೇ ಯುದ್ಧಕ್ಕೆ ಹೋದ ಹಾಗೆ, ಹೇಗೆ ಅರ್ಥವಾಗಬೇಕು?

ನಾನು ಒಂದಿಷ್ಟು ಕಲಿತಿದ್ದೇನೆ. ನೀನು ಕೇಳದಿದ್ದರೂ ಹೇಳುತ್ತೇನೆ. ಬೆಳಕು ಹರಿಯುವ ಮುಂಚೆ ತರಕಾರಿ ತಂದುಬಿಡಬೇಕು. ರಸ್ತೆಯಲ್ಲಿ ನೆರಳಿರುವ ಕಡೆ ನಡೆಯಬೇಕು, ಅವಸರ ಮಾಡಬಾರದು. ಊಟದ ನಂತರ ಇಡೀ ಬೀದಿ ಬಾಗಿಲು ಹಾಕಿಕೊಳ್ಳುತ್ತದೆ. ಮೊದಮೊದಲು ಆ ಹೊತ್ತಿನಲ್ಲೂ ನಾನೊಬ್ಬಳೇ ಧುಮುಧುಮು ನಡೆಯುತ್ತಿದ್ದೆ. ಎದುರುಮನೆಯ ಮುದುಕಿ ಒಂದು ದಿನ ಓಡಿ ಬಂದು ನನ್ನ ತಲೆಯ ಮೇಲೆ ಛತ್ರಿ ಬಿಚ್ಚಿ ಹಿಡಿದಳು, ಬೈದುಕೊಂಡೇ ಮನೆ ಮುಟ್ಟಿಸಿದಳು. ಒಂದು ಮಾತೂ ಅರ್ಥವಾಗಲಿಲ್ಲ, ಆದರೆ ಬೈಗುಳ ಎಂದು ಗೊತ್ತಾಯಿತು. ಧಾಟಿ ನಿನ್ನದೇ. ಅಮ್ಮ ಅವಳಿಗೆ ಛತ್ರಿ ಅಜ್ಜಿ ಎಂದು ಹೆಸರಿಟ್ಟಿದ್ದಾಳೆ.

ಕೊರಳಪಟ್ಟಿಗಳು ಮುಗಿದಿವೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದೇನೆ. ನನ್ನ ಬುದ್ಧಿಯನ್ನು ಮೂಸಿ ನೋಡಿಕೋ.

ಬಡಗಿಯ ವಿಷಯ ನೀನು ಹೇಳದಿದ್ದರೂ ತಿಳಿಯುತ್ತದೆ. ಅಂಗಡಿಗೂ ಅಮ್ಮನ ಕೋಣೆಗೂ ಮಧ್ಯೆ ಇರುವುದು ಒಂದೇ ಗೋಡೆ. ಅದನ್ನು ಒಡೆಸಿ ಕೌಂಟರ್ ಉದ್ದ ಮಾಡುತ್ತಿದ್ದೀಯ, ಅಲ್ಲವೇ? ಅಮ್ಮ ವಾಪಸು ಬಂದು ಎಲ್ಲಿ ಮಲಗಬೇಕು, ಉಲ್ಲನ್ ಮೂಟೆಯ ಮೇಲಾ?

ತಂಗಿ


ಆಗಸ್ಟ್ 24

ಈ ಸಲ ಸ್ವೆಟರುಗಳು ನಾರುತ್ತಿಲ್ಲ. ಅದಕ್ಕಿಂತ ಕೆಟ್ಟದ್ದು ಕಂಡಿತು.

ಅಮ್ಮ ಕೊರಳಪಟ್ಟಿ ಮುಗಿಸಿದರೆ ಕೊನೆಯ ಗಂಟು ಎಡ ಹೆಗಲ ಮೇಲೆ ಬರುತ್ತದೆ. ನನಗೆ ಬುದ್ಧಿ ಬಂದಾಗಿನಿಂದ ಎಡ ಹೆಗಲೇ. ಈ ಕಂತಿನಲ್ಲಿ ಎಲ್ಲದರ ಗಂಟೂ ಬಲ ಹೆಗಲ ಮೇಲಿದೆ. ಅಂಚಿನ ಸರಪಳಿ ಹೆಣಿಗೆ ಹಿಂದುಮುಂದಾಗಿ ಓಡಿದೆ. ಕುಣಿಕೆಗಳು ಒಂದು ಬಿಗಿ, ಒಂದು ಸಡಿಲ. ಕುರುಡರು ಕೈಯಾಡಿಸಿದರೂ ಹೇಳುತ್ತಾರೆ, ಇದು ಅಮ್ಮನ ಕೈಯಲ್ಲ.

ಹಾಗಾದರೆ ಅಮ್ಮನಿಗೆ ಏನಾಗಿದೆ? ಕಾಗದದಲ್ಲಿ ಅವಳ ಅಕ್ಷರವಿಲ್ಲ, ಫೋನಿನಲ್ಲಿ ದನಿಯಿಲ್ಲ, ಈಗ ಹೆಣಿಗೆಯಲ್ಲಿ ಕೈಯೂ ಇಲ್ಲ. ಬಲಗೈ ಬಿದ್ದುಹೋಗಿದೆಯಾ? ಲಕ್ವ ಹೊಡೆದಿದೆಯಾ? ಕಣ್ಣು ಹೋಗಿದೆಯಾ? ಊರಿನವರಿಗೆಲ್ಲ ಕನ್ನಡಕ ಹಾಕುವ ನಿನಗೆ ಹೆತ್ತವಳ ಕಣ್ಣು ನೋಡಲು ಪುರುಸೊತ್ತಾಗಲಿಲ್ಲವಾ? ಯಾರೋ ಕೂಲಿಯವಳ ಹತ್ತಿರ ಹೆಣೆಸಿ ಕಳಿಸಿದರೆ ನಾನು ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳುತ್ತೇನೆ ಎಂದುಕೊಂಡೆಯಾ?

ನಿನ್ನೆಯಿಂದ ಸ್ವೆಟರುಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಅವಳು ಇದ್ದಾಳೋ ಇಲ್ಲವೋ, ಅದೊಂದನ್ನು ಹೇಳು. ಸುಳ್ಳು ಹೇಳಿದರೆ ಹಡಗೋ ವಿಮಾನವೋ, ನಾನೇ ಬಂದು ನಿನ್ನ ಬಾಗಿಲು ಒಡೆಯುತ್ತೇನೆ.


ಸೆಪ್ಟೆಂಬರ್ 7

ಅಕ್ಕಾ,

ಅಮ್ಮ ಇದ್ದಾಳೆ. ಗುಂಡುಕಲ್ಲಿನ ಹಾಗೆ ಇದ್ದಾಳೆ. ಈಗ, ನಾನು ಇದನ್ನು ಬರೆಯುವ ಹೊತ್ತಿಗೆ, ಎದುರುಮನೆಯ ಜಗಲಿಯಲ್ಲಿ ಛತ್ರಿ ಅಜ್ಜಿಯ ಜೊತೆ ಇಸ್ಪೀಟು ಆಡುತ್ತಿದ್ದಾಳೆ. ಅವಳ ಮಾತು ಇವಳಿಗೆ ಬರುವುದಿಲ್ಲ, ಇವಳದು ಅವಳಿಗೆ ಬರುವುದಿಲ್ಲ, ಜಗಳ ಮಾತ್ರ ಚೆನ್ನಾಗಿ ನಡೆಯುತ್ತದೆ.

ಅಮ್ಮ ಹೆಣೆಯುವುದನ್ನು ಬಿಟ್ಟಳು. ಮೊದಲ ಕಂತು ಅವಳದೇ. ಎರಡನೆಯ ಪಾರ್ಸೆಲ್ ಬಂದಾಗ ಬಿಚ್ಚಲೂ ಬಿಡಲಿಲ್ಲ. "ಈಗ ತಾನೇ ಬೆರಳು ಬಿಚ್ಚಿಕೊಂಡಿದಾವೆ, ಮತ್ತೆ ಕಟ್ಟಿ ಹಾಕಬೇಡ" ಎಂದಳು. ನಿನಗೆ ತಿಳಿಯಲಿಲ್ಲವಾ ಅಕ್ಕಾ? ಅಲ್ಲಿನ ಚಳಿಗೆ ಅವಳ ಬೆರಳುಗಳು ಸೆಟೆದು ಹೋಗುತ್ತಿದ್ದವು. ಬೆಳಿಗ್ಗೆ ಬಿಸಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಅಪ್ಪಿ ಕೂರುತ್ತಿದ್ದಳಲ್ಲ, ಕುಡಿಯದೆ, ಅದು ತಣ್ಣಗಾಗುವವರೆಗೆ? ಪಕ್ಕದಲ್ಲೇ ಕೂತು ಹೆಣೆಯುತ್ತಿದ್ದವಳು ನೀನು. ನಿನಗೆ ಕೊರಳಪಟ್ಟಿ ಕಂಡಿತು, ಬೆರಳು ಕಾಣಲಿಲ್ಲ. ಇಲ್ಲಿಗೆ ಬಂದ ಮೇಲೆ ಆ ನೋವು ತಾನಾಗಿ ಹೋಯಿತು. ನನಗೆ ಮೈ ಸುಡುವ ಈ ಹವೆ ಅವಳಿಗೆ ಮದ್ದಾಯಿತು. ಇಸ್ಪೀಟು ಕಲೆಸುವುದನ್ನು ನೋಡಬೇಕು ನೀನು, ಎಲೆಗಳು ಬುರ್ರೆನ್ನುತ್ತವೆ.

"ನಿಮ್ಮಕ್ಕನಿಗೆ ಹೇಳಬೇಡ, ಅಂಗಡಿ ನಿಂತುಹೋಗುತ್ತೆ ಅಂತ ಅಳ್ತಾಳೆ" ಎಂದಳು. ಹೇಳಲಿಲ್ಲ. ಕೂಲಿಯವಳು ಯಾರೂ ಅಲ್ಲ, ನಾನೇ. ಅಂಗಡಿಯಿಂದ ಬಂದು ಫ್ಯಾನಿನ ಕೆಳಗೆ ಅಮ್ಮನ ಎದುರು ಕೂತು ಕಲಿತೆ. ಅವಳು ಬರೀ ಕೈಯಲ್ಲಿ ಗಾಳಿಯಲ್ಲಿ ತೋರಿಸುತ್ತಿದ್ದಳು, ನಾನು ಕಂಡ ಹಾಗೆ ಮಾಡುತ್ತಿದ್ದೆ. ಅವಳ ಎಡ ನನ್ನ ಬಲ. ದಿನವಿಡೀ ಕನ್ನಡಿ ಹಿಡಿದು ಜನರಿಗೆ ಕನ್ನಡಕ ತೊಡಿಸುವವಳಿಗೆ ಇಷ್ಟು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ತೊಡೆಯ ಮೇಲೆ ಉಲ್ಲನ್ ಹರವಿಕೊಂಡು, ಬೆವರಿಗೆ ಕಡ್ಡಿ ಜಾರಿ, ನಿನ್ನನ್ನು ಶಪಿಸುತ್ತಾ ಒಂದೊಂದು ಕುಣಿಕೆ ಹಾಕಿದ್ದೇನೆ. ಅದಕ್ಕೇ ಒಂದು ಬಿಗಿ, ಒಂದು ಸಡಿಲ.

ಫೋನಿನಲ್ಲಿ ಸ್ನಾನ ಎಂದಾಗಲೆಲ್ಲ ಅಮ್ಮ ನನ್ನ ಪಕ್ಕದಲ್ಲೇ ನಿಂತು ಬೇಡವೆಂದು ಕೈ ಆಡಿಸುತ್ತಿದ್ದಳು. ಬರೆಯದಿದ್ದುದಕ್ಕೂ ಅದೇ ಕಾರಣ. "ಬಾಯಲ್ಲಾದರೆ ನೀನು ಹೇಳ್ತೀಯ, ನನ್ನ ಕೈಯಲ್ಲಿ ಸುಳ್ಳು ಬರೆಸಬೇಡ" ಎಂದಳು. ಕಳೆದ ಸಲ ನೀನು ಫೋನ್ ಮಾಡಿದಾಗ ಹಿಂದಿನಿಂದ ಗರಗಸದ ಸದ್ದು ಕೇಳಿಸಿತು. ಅವಳೂ ಕಿವಿ ಹಚ್ಚಿದಳು. "ನನ್ನ ಕೋಣೆ ಹೋಯ್ತು ಹಾಗಾದ್ರೆ" ಎಂದಳು. ಸಿಟ್ಟಿಲ್ಲ, ಅಳುವಿಲ್ಲ. ಹೋಗಿ ಇಸ್ಪೀಟಿಗೆ ಕೂತಳು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ಅವಳು ಬರುವುದಿಲ್ಲ ಅಕ್ಕಾ. ನಾನು ಹಿಡಿದಿಟ್ಟುಕೊಂಡಿಲ್ಲ. ಅಂಗಡಿಯನ್ನು ಎಷ್ಟು ಬೇಕಾದರೂ ಉದ್ದ ಮಾಡಿಕೋ.

ತಂಗಿ


ನವೆಂಬರ್ 3

ತಂಗಿಗೆ,

ಎರಡು ತಿಂಗಳು ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದು ಹಾಕಿದೆ. ಎಲ್ಲದರಲ್ಲೂ ಬರೀ ಬೈಗುಳವಿತ್ತು. ಇದರಲ್ಲೂ ಇರುತ್ತದೆ, ಬೇಡವಾದರೆ ಓದಬೇಡ.

ಚಹಾದ ಲೋಟ ನನಗೆ ಕಾಣಲಿಲ್ಲ ಎಂದೆಯಲ್ಲ. ಅದು ತಣ್ಣಗಾದ ಹಾಗೆ ಸುರಿದು ಮತ್ತೆ ಬಿಸಿ ತುಂಬಿಸಿ ಕೈಗೆ ಕೊಡುತ್ತಿದ್ದವರು ಯಾರು ಎಂದುಕೊಂಡೆ? ನೀನು ಆಗ ಹೊದ್ದು ಮಲಗಿರುತ್ತಿದ್ದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನು. "ಬೆರಳು ಸುಮ್ಮನೆ ಇಡಬೇಡಿ, ದಿನಾ ಸ್ವಲ್ಪ ಆಡಿಸ್ತಾ ಇರಿ, ಇಲ್ಲದಿದ್ರೆ ಹಾಗೇ ಕಟ್ಟಿಕೊಂಡುಬಿಡ್ತಾವೆ" ಎಂದರು. ಅಮ್ಮ ಸುಮ್ಮಸುಮ್ಮನೆ ಬೆರಳು ಆಡಿಸುವ ಹೆಂಗಸಲ್ಲ. ಕೆಲಸ ಇದ್ದರೆ ಆಡಿಸುತ್ತಾಳೆ. ಅದಕ್ಕೇ ಕೊರಳಪಟ್ಟಿ ಮಾತ್ರ ಅವಳಿಗೆ ಬಿಟ್ಟೆ, ಮೈ ತೋಳು ನಾನು ಎಳೆದುಕೊಂಡೆ.

ಶಾಲೆಯವರು ನೀವು ಹೊರಡುವ ಮುಂಚೆಯೇ ಮಿಷನ್ನಿನಲ್ಲಿ ಹೆಣೆದ ಸ್ವೆಟರಿಗೆ ಹೋದರು. ಆರ್ಡರ್ ಇಲ್ಲ. ಅಮ್ಮನಿಗೆ ಹೇಳಲಿಲ್ಲ, ಹೇಳಿದ್ದರೆ ಕಡ್ಡಿ ಕೆಳಗಿಡುತ್ತಿದ್ದಳು. ನಾನು ಹೆಣೆದದ್ದು ಯಾರಿಗೂ ಅಲ್ಲ. ನೀನು ಶಪಿಸುತ್ತಾ ಮುಗಿಸಿದ್ದೂ ಯಾರಿಗೂ ಅಲ್ಲ. ಎಲ್ಲವೂ ಟ್ರಂಕಿನಲ್ಲಿವೆ. ನಗಬೇಕೆನಿಸಿದರೆ ನಗು, ನನಗಂತೂ ಕೂತು ಕೂತು ಸೊಂಟ ಬಿದ್ದಿದೆ.

ಇನ್ನು ಬಡಗಿ. ನಾನು ಯಾವ ಕೋಣೆಯನ್ನೂ ಅಂಗಡಿಗೆ ಸೇರಿಸಲಿಲ್ಲ. ಮಾರಲು ಏನಿದೆ ಎಂದು ಕೌಂಟರ್ ಉದ್ದ ಮಾಡಲಿ? ಅಮ್ಮನ ಕೋಣೆಯ ತಣ್ಣನೆಯ ನೆಲಕ್ಕೆ ಹಲಗೆ ಹಾಕಿಸಿದೆ. ಕಿಟಕಿಗೆ ಇನ್ನೊಂದು ಜೊತೆ ಬಾಗಿಲು ಕೂರಿಸಿದೆ, ಗಾಳಿ ನುಗ್ಗಬಾರದೆಂದು. ಒಲೆಯ ಹಿಂದಿನ ಗೋಡೆಯಲ್ಲಿ ಕಿಂಡಿ ಬಿಡಿಸಿದೆ, ಕಾವು ಆ ಕಡೆ ಹೋಗಲಿ ಎಂದು. ಮೊದಲೇ ಯಾಕೆ ಹೇಳಲಿಲ್ಲ ಎನ್ನುತ್ತೀಯ. ಹೇಳಿದ್ದರೆ "ನಮ್ಮಲ್ಲಿ ಕಾವು ಬಿಟ್ಟಿ ಸಿಗುತ್ತೆ" ಎಂದು ಬರೆಯುತ್ತಿದ್ದೆ ನೀನು. ಅವಳು ಬಂದು ಬಾಗಿಲು ತೆಗೆದು ತಾನೇ ನೋಡಲಿ ಎಂದಿತ್ತು ನನಗೆ. ಈಗ ಆ ಕೋಣೆಯಲ್ಲಿ ನಾನೊಬ್ಬಳೇ ಕೂರುತ್ತೇನೆ. ಬೆಚ್ಚಗಿದೆ, ಮೈಗೆ ಹತ್ತುವುದಿಲ್ಲ.

ನೀವಿಬ್ಬರೂ ಸೇರಿ ನನ್ನನ್ನು ಮೂರ್ಖಳನ್ನಾಗಿ ಮಾಡಿದಿರಿ. ನನಗೆ ಹೊಟ್ಟೆಯುರಿಯುತ್ತದೆ. ಅವಳ ಕೈ ವಾಸಿಯಾದದ್ದಕ್ಕಲ್ಲ. ಅದು ನನ್ನ ಹತ್ತಿರ ವಾಸಿಯಾಗಲಿಲ್ಲ, ನಿನ್ನ ಹತ್ತಿರ ಹೋಗಿ ವಾಸಿಯಾಯಿತು, ಅದಕ್ಕೆ. ಫೋನಿನ ಪಕ್ಕದಲ್ಲಿ ನಿಂತೂ ಇಲ್ಲ ಎನ್ನಿಸಿದಳಲ್ಲ, ಅದನ್ನು ನಾನು ಮರೆಯುವುದಿಲ್ಲ. ಮನೆಯಲ್ಲಿ ಇಸ್ಪೀಟು ಕಂಡರೆ ಒಲೆಗೆ ಹಾಕುತ್ತಿದ್ದವಳು ಅವಳು.

ಇನ್ನು ಉಲ್ಲನ್ ಕಳಿಸುವುದಿಲ್ಲ. ವಾಪಸು ಬಾ ಎಂದೂ ಕೇಳುವುದಿಲ್ಲ. ಈ ಕಾಗದವನ್ನು ಅವಳಿಗೆ ಓದಿ ಹೇಳು, ಒಂದಕ್ಷರ ಬಿಡದೆ. ಆಮೇಲೆ ಅವಳ ಕೈಯಿಂದ ಎರಡು ಸಾಲು ಬರೆಸು. ಬೈದರೂ ಅಡ್ಡಿಯಿಲ್ಲ. ಅದು ಬರದಿದ್ದರೆ ನೀನೂ ಬರೆಯಬೇಡ.

ಅಕ್ಕ


ನವೆಂಬರ್ 24

ಅಕ್ಕಾ,

ಓದಿ ಹೇಳಿದೆ, ಒಂದಕ್ಷರ ಬಿಡದೆ. ನಿನ್ನ ಬೈಗುಳ ನಿನ್ನ ಧಾಟಿಯಲ್ಲೇ ಓದಿದೆ. ಕಿಂಡಿಯ ಹತ್ತಿರ ಬಂದಾಗ ಕಾಗದ ಮಡಚಿಟ್ಟು ನೀರು ಕುಡಿದು ಬಂದೆ, ನಿನ್ನ ಮೇಲಿನ ಸಿಟ್ಟಿಗೇ. ಇದಕ್ಕೂ ಮುಂಚೆ ನೀನು ಮೂರು ಕಾಗದ ಬರೆದೆ, ಒಂದರಲ್ಲಾದರೂ ಬಡಗಿ ಯಾಕೆ ಎಂಬ ಒಂದು ಸಾಲು ಬರೆಯಲು ನಿನಗೆ ಏನು ರೋಗ? ನಾನು ನಿನಗೆ ಕ್ಷಮೆ ಕೇಳುವುದಿಲ್ಲ. ನೀನೂ ಕೇಳಬೇಡ, ಇಬ್ಬರಿಗೂ ಅಭ್ಯಾಸವಿಲ್ಲ.

ಅಮ್ಮ ಕಿಂಡಿಯ ಸಾಲನ್ನು ಇನ್ನೊಂದು ಸಲ ಓದಿಸಿದಳು. "ಒಲೆ ಹಿಂದೆಯಾ?" ಎಂದಳು. "ಹೊಗೆನೂ ಬರುತ್ತಲ್ಲ ಪೆದ್ದಿ" ಎಂದು ನಿನಗೇ ಎದುರು ನಿಂತು ಹೇಳುವ ಹಾಗೆ ಹೇಳಿದಳು. ಸಂಜೆ ಛತ್ರಿ ಅಜ್ಜಿ ಇಸ್ಪೀಟಿಗೆ ಕರೆಯಲು ಬಂದರೆ ಕೈಸನ್ನೆ ಮಾಡಿ ಕಳಿಸಿದಳು. ನನ್ನ ಪೆನ್ನು ಕಿತ್ತುಕೊಂಡು ಕೂತಳು, ನೋಡಬಾರದು ಎಂದು ಕೈ ಅಡ್ಡ ಹಿಡಿದಳು. ಬೆವರಿಗೆ ಶಾಯಿ ಹರಡಿದರೆ ಅದು ನನ್ನ ತಪ್ಪಲ್ಲ.

ಅಕ್ಷರ ನೋಡು. ಅಲ್ಲಿದ್ದಾಗ ಇಷ್ಟು ನೆಟ್ಟಗೆ ಬರೆಯುತ್ತಿದ್ದಳಾ?

ತಂಗಿ

ಮಗಳೇ, ನಾನು ಬರುವುದಿಲ್ಲ. ಆ ಕೋಣೆಗೆ ಬೀಗ ಹಾಕಿ ನೀನೇ ಬಾ.
ಉಲ್ಲನ್ ತರಬೇಡ.